ಹೊಗೆಯೊಳಗಿನ ಸೂರ್ಯ, ಗುಡ್ಡದ ಮೇಲಿನ ಸ್ಟ್ಯಾಂಡು

ನಮ್ಮ ಗದಗಿನ ಓಣಿಯಲ್ಲಿ ವಿಲಾಯಿತಿಗೆ ಹೋಗಿ ಬಂದವರು ಒಬ್ಬರಿದ್ದಾರೆ. ಅವರ ಹಡಗಿನ ಕಥೆ, ಹಿಮದ ಕಥೆ ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿದೆ. ಹಾಗಿರುವಾಗ ನಾನೂ ಒಂದು ಪರದೇಶ ನೋಡಿ ಬಂದೆ ಎಂದರೆ ನೀವು ನಗುವುದು ಸಹಜ. ನಾನು ಹೋದ ದೇಶಕ್ಕೆ ಹಡಗು ಬೇಡ, ಪಾಸ್‌ಪೋರ್ಟು ಬೇಡ, ಬೀರೂರಿನಲ್ಲಿ ಗಾಡಿ ಬದಲಿಸಿದರೆ ಸಾಕು. ಆದರೆ ಕಣ್ಣು ಹಾಯಿಸಿದಷ್ಟು ದೂರವೂ ಎರೆಹೊಲ ಕಾಣುವ ಊರಿನವನಿಗೆ, ಹತ್ತು ಮಾರು ಆಚೆ ಏನಿದೆ ಎಂಬುದನ್ನೂ ಕಾಣಗೊಡದ ಮರಗಳ ಸೀಮೆ ಪರದೇಶವಾಗದೆ ಇನ್ನೇನಾದೀತು? ಅಲ್ಲಿಯ ಅನ್ನ ಬೇರೆ, ನೀರು ಬೇರೆ, ಮಾತೂ ಅರ್ಧ ಬೇರೆ. ಜೋಳದ ರೊಟ್ಟಿ ಕೇಳಿದರೆ, ಪಾಪ, ಏನು ಕಾಯಿಲೆಯೋ ಎಂಬಂತೆ ನಮ್ಮ ಮುಖ ನೋಡುತ್ತಾರೆ.

ನಾನು ಹೊರಟದ್ದು ಸೂರ್ಯನನ್ನು ಹಿಡಿದು ತರಲು. ನನ್ನ ಫೋಟೋ ಸ್ಟುಡಿಯೋದಲ್ಲಿ ಗಿರಾಕಿಗಳ ಹಿಂದೆ ಇಳಿಬಿಡುವ ಒಂದು ಪರದೆ ಇದೆ. ಅದರ ಮೇಲೆ ಸರೋವರ, ಎರಡು ಹಂಸ, ಮುಳುಗುವ ಸೂರ್ಯ. ಯಾವುದೋ ನಾಟಕ ಕಂಪನಿಯ ಪೇಂಟರು ಬರೆದುಕೊಟ್ಟದ್ದು. ಊರಿನ ಅರ್ಧ ಗಂಡ-ಹೆಂಡಿರು ಮದುವೆಯಾದ ಹೊಸದರಲ್ಲಿ ಆ ಸೂರ್ಯನ ಮುಂದೆಯೇ ಬಿಗಿದುಕೊಂಡು ಕೂತವರು. ಬರಬರುತ್ತ ಅವನ ಬಣ್ಣ ಉದುರಿ, ಬೂಸ್ಟು ಹಿಡಿದ ಲಾಡುವಿನ ಹಾಗೆ ಕಾಣತೊಡಗಿದ. ನಿಜವಾದ ಸೂರ್ಯಾಸ್ತವನ್ನೇ ತೆಗೆದು, ದೊಡ್ಡದು ಮಾಡಿ, ಕೈಯಿಂದ ಬಣ್ಣ ಹಚ್ಚಿ ತೂಗುಹಾಕಬೇಕು ಎಂಬ ಹುಚ್ಚು ನನಗೆ ಹತ್ತಿತು.

ಆ ಹುಚ್ಚಿಗೆ ಎಣ್ಣೆ ಹೊಯ್ದವನು ಶಿವಾನಂದ. ನನ್ನ ಜೊತೆ ಗದಗಿನಲ್ಲಿ ಓದಿದವನು, ಸಾಗರದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು. ದೀಪಾವಳಿಗೆ ಊರಿಗೆ ಬಂದಾಗ ಹೇಳಿದ: "ನಮ್ಮ ಕಡೆ ಅಣೆಕಟ್ಟು ಏಳಾಕತ್ತೈತಿ. ನೀರು ನಿಲ್ಲೋ ಕಣಿವಿಯೊಳಗಿನ ಅಡವಿ ಎಲ್ಲಾ ಕಡದು, ಉಳದ ಟೊಂಗಿ-ತಪ್ಪಲಾ ಸುಡತಾರ. ಬ್ಯಾಸಿಗ್ಯಾಗ ಆ ಹೊಗಿಯೊಳಗ ಸೂರ್ಯ ಮುಳಗೋದು ನೋಡಬೇಕಲೇ! ಕ್ಯಾಮೆರಾ ಹೊತ್ಕೊಂಡು ಬಾ." ಬೇಸಿಗೆ ಬಂತು, ನಾನು ಹೊತ್ತುಕೊಂಡು ಹೊರಟೆ.

ಸಾಗರ

ರೈಲು ಆನಂದಪುರ ದಾಟುವಾಗಲೇ ಮೂಗಿಗೆ ವಾಸನೆ ಬಡಿಯಿತು. ಒಲೆಯ ಮುಂದೆ ಕೂತಾಗ ಬರುವ ವಾಸನೆಯೇ, ಆದರೆ ಇಡೀ ಆಕಾಶಕ್ಕೆ ಹಬ್ಬಿದ್ದು. ಸ್ಟೇಶನ್ನಿನಲ್ಲಿ ಇಳಿದಾಗ ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಹಳೆಯ ಗೆಳೆಯನನ್ನು ಕಂಡು ಅಳುತ್ತಿದ್ದೇನೆಂದು ಶಿವಾನಂದ ತಿಳಿದುಕೊಂಡ. ನಾನೂ ಅವನ ನಂಬಿಕೆ ಕೆಡಿಸಲಿಲ್ಲ.

ಮಲೆನಾಡೆಂದರೆ ಜಿಗಣೆ ಎಂದು ನಮ್ಮೂರಿನಲ್ಲಿ ಎಲ್ಲರೂ ಹೆದರಿಸಿದ್ದರು. ಪಾಯಜಾಮದ ಎರಡೂ ಕಾಲಿಗೆ ದಾರ ಬಿಗಿದುಕೊಂಡು, ಒಂದು ಕಿಸೆಯಲ್ಲಿ ಉಪ್ಪು, ಇನ್ನೊಂದರಲ್ಲಿ ತಂಬಾಕು ತುಂಬಿಕೊಂಡು ಇಳಿದಿದ್ದೆ. ಶಿವಾನಂದನ ಹೆಂಡತಿ ಆ ಸೀಮೆಯವರೇ. ನನ್ನ ಕಾಲು ನೋಡಿ ಸೆರಗು ಬಾಯಿಗೆ ಅಡ್ಡ ಹಿಡಿದರು. "ಬೇಸಿಗೇಲಿ ಉಂಬಳ ಎಲ್ಲಿಂದ ಬರ್ಬೇಕು ಭಾವಯ್ಯಾ! ಅದು ಮಳೆ ಬಿದ್ಮೇಲೆ. ಆ ಉಪ್ಪು ಇತ್ಲಾಗೆ ಕೊಡಿ, ಸಾರಿಗೆ ಹಾಕ್ತೀನಿ." ಹಾಗೆ ನನ್ನ ಆಯುಧ ಸಾರಿನ ಪಾಲಾಯಿತು. ತಂಬಾಕು ಶಿವಾನಂದನ ಪಾಲಾಯಿತು.

ಮೊದಲ ಸಂಜೆ ಕೆರೆಯ ಏರಿಯ ಮೇಲೆ ಸ್ಟ್ಯಾಂಡು ಹೂಡಿದೆ. ನನ್ನದು ಹಳೆಯ ಕಾಲದ ಮರದ ಕ್ಯಾಮೆರಾ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕೂರಿಸಿ, ತಲೆಯ ಮೇಲೆ ಕರಿ ಬಟ್ಟೆ ಹೊದ್ದು, ಹಿಂದಿನ ಗಾಜಿನಲ್ಲಿ ಬಿಂಬ ನೋಡಿ, ಆಮೇಲೆ ಪ್ಲೇಟು ಸೇರಿಸಬೇಕು. ಶಿವಾನಂದ ಸುಳ್ಳು ಹೇಳಿರಲಿಲ್ಲ. ನಮ್ಮೂರಿನ ಸೂರ್ಯ ಮುಳುಗುವ ಕೊನೆಯ ಗಳಿಗೆಯವರೆಗೂ ಕಣ್ಣಿಗೆ ಚುಚ್ಚುತ್ತಾನೆ. ಇಲ್ಲಿಯವನನ್ನು ಬರಿಗಣ್ಣಿನಿಂದ ಎಷ್ಟು ಹೊತ್ತಾದರೂ ನೋಡಬಹುದು. ದುಂಡಗೆ, ಕೆಂಪಗೆ, ಒಂದು ಕಿರಣವೂ ಇಲ್ಲದೆ, ಬೂದು ಬಣ್ಣದ ಹೊಗೆಯೊಳಗೆ ಅವನು ಮೆಲ್ಲಗೆ ಇಳಿಯುತ್ತಿದ್ದ. ಏರಿಯ ಮೇಲೆ ಹೋಗುವವರು ಯಾರೂ ಅವನ ಕಡೆ ತಿರುಗಲಿಲ್ಲ. ಎಲ್ಲರೂ ನಿಂತು ನನ್ನ ಕರಿ ಬಟ್ಟೆಯನ್ನು ನೋಡಿ ಮುಂದೆ ಹೋಗುತ್ತಿದ್ದರು.

ಮರುದಿನ ಶಿವಾನಂದನ ಮನೆಯ ಉಗ್ರಾಣದ ಕಿಟಕಿಗೆ ಕಂಬಳಿ ಹೊದಿಸಿ, ಉಪ್ಪಿನಕಾಯಿ ಜಾಡಿಗಳ ನಡುವೆ ಕೂತು ಪ್ಲೇಟು ತೊಳೆದೆ. ಪ್ರಿಂಟು ಹಾಕಿ ನೋಡಿದರೆ ಕೆರೆ ಬಂದಿದೆ, ಮರ ಬಂದಿವೆ, ಏರಿಯ ಮೇಲಿನ ಎಮ್ಮೆಯೂ ಬಂದಿದೆ. ಸೂರ್ಯನ ಜಾಗದಲ್ಲಿ ಮಾತ್ರ ಒಂದು ಕರೀ ಬೊಟ್ಟು! ಹಣೆ ಚಚ್ಚಿಕೊಂಡೆ. ಸ್ಟುಡಿಯೋದಲ್ಲಿ ನಾವು ಬಳಸುವ ಅಗ್ಗದ ಪ್ಲೇಟಿಗೆ ಕೆಂಪು ಕಾಣುವುದೇ ಇಲ್ಲ. ಅದಕ್ಕಾಗಿಯೇ ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಹಚ್ಚಿಕೊಂಡು ಕೂರುವುದು. ದಿನಾ ಆ ದೀಪದ ಕೆಳಗೆ ಕೂತು ಹೊಟ್ಟೆ ಹೊರೆಯುವ ನಾನು, ಕೆಂಪು ಕಾಣದ ಪ್ಲೇಟು ಹೊತ್ತುಕೊಂಡು ಕೆಂಪು ಸೂರ್ಯನನ್ನು ಹಿಡಿಯಲು ಬಂದಿದ್ದೆ. ಕುರುಡನಿಗೆ ಕನ್ನಡಿ ಹಿಡಿದಂತೆ!

"ಇರ್ಲಿ ಬಿಡಿ, ಸೂರ್ಯಂಗೂ ಒಂದು ದೃಷ್ಟಿಬೊಟ್ಟು ಇಟ್ಟಂಗಾಯ್ತು" ಎಂದರು ಶಿವಾನಂದನ ಹೆಂಡತಿ. ಕೆಂಪು ಕಾಣುವ ದುಬಾರಿ ಪ್ಲೇಟುಗಳೂ ಕೆಲವು ಪೆಟ್ಟಿಗೆಯ ತಳದಲ್ಲಿದ್ದವು. ಅವನ್ನು ಜೋಪಾನವಾಗಿ ಎದೆಗವಚಿಕೊಂಡು ತೀರ್ಥಹಳ್ಳಿಯ ಬಸ್ಸು ಹತ್ತಿದೆ.

ತೀರ್ಥಹಳ್ಳಿ, ಆಗುಂಬೆ

ಈ ಸೀಮೆಯ ಬಸ್ಸಿನಲ್ಲಿ ಸುಮ್ಮನೆ ಕೂರಲು ಬಿಡುವುದಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಜಗಳ ಆಡುತ್ತಾರೆ, ಇಲ್ಲಿ ವಿಚಾರಿಸುತ್ತಾರೆ. ಪಕ್ಕದವರು ಮೊದಲು ಊಟ ಆಯಿತೇ ಎಂದು ಕೇಳಿದರು, ಆಮೇಲೆ ಊರು, ಆಮೇಲೆ ಮಕ್ಕಳೆಷ್ಟು, ಆಮೇಲೆ ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಏನಿದೆ. ಸೂರ್ಯಾಸ್ತದ ಫೋಟೋ ತೆಗೆಯಲು ಹೊರಟಿದ್ದೇನೆ ಎಂದದ್ದೇ ತಡ, ಇಡೀ ಬಸ್ಸು ಈ ಕಡೆ ತಿರುಗಿತು.

"ಪಟದಲ್ಲಿ ಕೆಂಪು ಕೆಂಪೇ ಬರ್ತದಾ?" ಎಂದು ಕಂಡಕ್ಟರು ಕೇಳಿದ.

"ಇಲ್ರೀ, ಕಪ್ಪು-ಬಿಳುಪು ಬರತೈತಿ. ಕೆಂಪು ನಾನ ಆಮ್ಯಾಲೆ ಹಚ್ಚತೀನಿ."

ಅವನು ಟಿಕೆಟ್ಟಿನ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡ. "ಬಣ್ಣ ನೀವೇ ಬಳಿಯೋದಾದ್ರೆ ಮನೇಲೇ ಕೂತು ಬಳೀಬಹುದಿತ್ತಲ್ಲ ಮಾರಾಯ್ರೆ, ಇಷ್ಟು ದೂರ ಯಾಕೆ ಬಂದ್ರಿ?"

ಬಸ್ಸಿನವರೆಲ್ಲ ನಕ್ಕರು. ನಾನೂ ನಕ್ಕು ಕಿಟಕಿಯ ಹೊರಗೆ ನೋಡುತ್ತ ಕೂತೆ.

ತೀರ್ಥಹಳ್ಳಿಯಲ್ಲಿ ತುಂಗೆಯ ನೀರು ಕಂಡು ಜೀವ ತಣ್ಣಗಾಯಿತು. ನಮ್ಮೂರಿನಲ್ಲಿ ನಲ್ಲಿಗೆ ಸರದಿ ನಿಲ್ಲುವ ದಿನಗಳಲ್ಲಿ ಇಲ್ಲಿ ಇಷ್ಟು ನೀರು ಯಾರ ಅಪ್ಪಣೆಯೂ ಇಲ್ಲದೆ ಹರಿದು ಹೋಗುತ್ತಿತ್ತು. ಹೋಟೆಲಿನಲ್ಲಿ ಕಡುಬು ತಿಂದೆ. ಇನ್ನೊಂದು ಬೇಡವೆಂದರೂ ಮಾಲೀಕರು ಎರಡು ಹಾಕಿದರು, ಬೇಡವೆನ್ನುವುದು ನಾಚಿಕೆಯಿಂದ ಎಂದು ಅವರ ಲೆಕ್ಕ.

ಆಗುಂಬೆಯ ಘಾಟಿನ ತುದಿಯಿಂದ ಸಮುದ್ರಕ್ಕೆ ಇಳಿಯುವ ಸೂರ್ಯನನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ನಾನು ಹೋದ ದಿನವೂ ಎರಡು ಕಾರು, ಒಂದು ವ್ಯಾನು ತುಂಬ ಜನ ಬಂದಿದ್ದರು. ಸ್ಟ್ಯಾಂಡು ಹೂಡಿ, ಪ್ಲೇಟಿನ ಮೇಲೆ ಪ್ಲೇಟು ತೆಗೆಯುತ್ತ, ಆದರೂ ತೃಪ್ತಿಯಾಗದೆ, ಇನ್ನೂ ಕೆಳಗೆ ಬರಲಿ, ಇನ್ನೂ ಕೆಂಪಾಗಲಿ ಎಂದು ಕಾದೆ. ದಿಗಂತಕ್ಕೆ ಇನ್ನೂ ಒಂದು ಮೊಳ ಇರುವಾಗಲೇ ಹೊಗೆ ಅವನನ್ನು ಆಕಾಶದ ನಡುವೆಯೇ ನುಂಗಿಬಿಟ್ಟಿತು. ಮುಳುಗಲಿಲ್ಲ, ಇಳಿಯಲಿಲ್ಲ, ಸುಮ್ಮನೆ ಮಾಯವಾದ. ವ್ಯಾನಿನಲ್ಲಿ ಬಂದ ಒಬ್ಬರು ನನ್ನ ಕಡೆ ಸಿಟ್ಟಿನಿಂದ ನೋಡಿದರು, ನಾನೇ ಪೆಟ್ಟಿಗೆಯಲ್ಲಿ ಹಾಕಿಕೊಂಡೆನೋ ಎಂಬ ಹಾಗೆ. ಲೆಕ್ಕ ನೋಡಿದರೆ ಕೆಂಪು ಕಾಣುವ ಪ್ಲೇಟು ಒಂದೇ ಉಳಿದಿತ್ತು.

ಹೊಸನಗರದ ಆಚೆ

ತಿರುಗಿ ಸಾಗರಕ್ಕೆ ಹೊರಟ ಬಸ್ಸು ಹೊಸನಗರ ದಾಟಿ ಸ್ವಲ್ಪ ದೂರದಲ್ಲಿ, ಒಂದು ಏರಿನಲ್ಲಿ, ಬುಸ್ಸೆಂದು ಆವಿ ಬಿಟ್ಟು ನಿಂತುಬಿಟ್ಟಿತು. ಡ್ರೈವರು ಬಾನೆಟ್ಟು ಎತ್ತಿ ನೋಡಿದ, ಇಳಿಸಿದ, ಬೀಡಿ ಹಚ್ಚಿದ. "ಸಾಮಾನು ಹೊಸನಗರದಿಂದ ಬರ್ಬೇಕು. ಇವತ್ತಿಗೆ ಇಷ್ಟೇ." ಬಸ್ಸಿನವರು ಯಾರೂ ಬೈಯಲಿಲ್ಲ. ಅವರವರ ನೆಂಟರ ಮನೆ ಹತ್ತಿರದಲ್ಲೇ ಎಲ್ಲೋ ಇದ್ದವು, ಗಂಟು ಹೊತ್ತು ನಡೆದರು. ನೆಂಟರಿಲ್ಲದವನು ನಾನೊಬ್ಬನೇ.

ರಸ್ತೆಯ ಪಕ್ಕಕ್ಕೆ ಒಂದು ಬೋಳು ಗುಡ್ಡ ಇತ್ತು. ಹೇಗೂ ಸಂಜೆ ಹಾಳಾಯಿತು, ಕೊನೆಯ ಪ್ಲೇಟು ಇಲ್ಲೇ ಮುಗಿಸೋಣ ಎಂದು ಪೆಟ್ಟಿಗೆ ಹೊತ್ತು ಹತ್ತಿದೆ. ಮೇಲೆ ನಿಂತು ಪಡುವಣಕ್ಕೆ ನೋಡಿದವನು ಹಾಗೇ ನಿಂತುಬಿಟ್ಟೆ. ಕೆಳಗೆ ದೊಡ್ಡ ಕಣಿವೆ. ಮರ ಕಡಿದು ಬೋಳಾದ ಇಳಿಜಾರು, ಅಲ್ಲಲ್ಲಿ ಬೊಡ್ಡೆಗಳು. ಹತ್ತಾರು ಕಡೆ ಉರಿಯುವ ಸೊಪ್ಪಿನ ರಾಶಿಗಳಿಂದ ಹೊಗೆ ಎದ್ದು, ಮೇಲೆ ಒಂದಾಗಿ, ಇಡೀ ಪಡುವಣ ದಿಕ್ಕಿಗೆ ಕಂಬಳಿ ಹೊದಿಸಿತ್ತು. ಅದರ ನಡುವೆ ಸೂರ್ಯ. ಹೊಗೆಯ ಪದರಗಳು ಅವನ ಅಡ್ಡಕ್ಕೆ ಹಾದು ಒಂದೊಂದೂ ಒಂದೊಂದು ಬಣ್ಣ ತಾಳಿದ್ದವು. ಅಂಥದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ.

ಗುಡ್ಡದ ಬುಡದಲ್ಲಿ ಒಂದು ಹಂಚಿನ ಮನೆ, ಹುಲ್ಲಿನ ಬಣವೆ, ನಾಲ್ಕು ತೆಂಗಿನ ಮರ. ಅದಕ್ಕಿಂತ ಸ್ವಲ್ಪ ಕೆಳಗೆ ಇಳಿಜಾರಿನುದ್ದಕ್ಕೂ ಬಿಳಿ ಕಲ್ಲುಗಳು ಸಾಲಾಗಿ ನೆಟ್ಟಿದ್ದವು. ಹೊಲದ ಬಾಂದುಕಲ್ಲು ಎಂದುಕೊಂಡೆ. ಬಿಸಿಲಿಗೆಂದು ಶಿವಾನಂದ ಕೊಟ್ಟ ದಪ್ಪ ಹ್ಯಾಟನ್ನು ತಲೆಗೆ ಒತ್ತಿಕೊಂಡು ಸ್ಟ್ಯಾಂಡು ಹೂಡಿದೆ. ಗಾಜಿನಲ್ಲಿ ನೋಡಿದರೆ ಎಲ್ಲ ಚೆನ್ನಾಗಿದೆ, ಎಡಗಡೆ ಮಾತ್ರ ಖಾಲಿ. ಉದ್ದನೆಯದು ಏನಾದರೂ ಅಲ್ಲಿ ಬೇಕಿತ್ತು.

ದೇವರೇ ಕಳಿಸಿದಂತೆ ಒಬ್ಬ ಯುವಕ ಉದ್ದದ ದೋಟಿ ಹಿಡಿದು ಗುಡ್ಡದ ಅಂಚಿನಲ್ಲಿ ಬಂದ. ಹೊಸ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕ್ರಾಪು. ಹೆಸರು ಮಂಜಪ್ಪ, ಕೆಳಗಿನ ಮನೆಯವನೇ, ನೆಂಟರು ಬರುವವರಿದ್ದಾರೆ, ಎಳನೀರು ಕೀಳಲು ದೋಟಿ ತರಲು ಹೋಗಿದ್ದೆ ಎಂದ. ನಾನು ಸೂರ್ಯನ ಫೋಟೋ ತೆಗೆಯುವವನೆಂದು ಹೇಳಿ, "ತಮ್ಮಾ, ಆ ಅಂಚಿನ್ಯಾಗ ಒಂಚೂರು ನಿಂದ್ರತೀಯೇನು? ಕೋಲು ನೆಟ್ಟಗ ಹಿಡಿ" ಎಂದೆ.

"ನಾನೂ ಪಟದಲ್ಲಿ ಬರ್ತೀನಾ?" ಎಂದು ನಾಚುತ್ತ ಹೋಗಿ ನಿಂತ.

ಕರಿ ಬಟ್ಟೆಯೊಳಗಿಂದ ತಲೆ ಹೊರಗೆ ಹಾಕುವುದು, ಕೈ ಬೀಸುವುದು, ಮತ್ತೆ ಒಳಗೆ ಹೋಗುವುದು. "ಇನ್ನೊಂದು ಸ್ವಲ್ಪ ಎಡಕ್ಕ! ಹಾಂ! ಕೋಲು ವಾಲಿಸಬ್ಯಾಡ!" ಹೀಗೆ ನಾನು ಕುಣಿಯುತ್ತಿದ್ದೆ. ದಾರಿಯ ಕಡೆಯಿಂದ ಒಂದು ಎತ್ತಿನ ಗಾಡಿ ಬಂದು, ಮನೆಯ ಅಂಗಳಕ್ಕೆ ಇನ್ನೂ ನಾಲ್ಕು ಹೆಜ್ಜೆ ಇರುವಾಗ ನಿಂತದ್ದು ನನಗೆ ಕಾಣಲಿಲ್ಲ.

ಗುಡ್ಡದ ಮೇಲೆ

ಮೊದಲು ಏದುಸಿರು ಕೇಳಿಸಿತು. ಬಟ್ಟೆ ಸರಿಸಿ ನೋಡಿದರೆ ಐವತ್ತು ದಾಟಿದ ಒಬ್ಬರು ಹೆಗಲ ಮೇಲಿನ ಹೊಸ ಶಾಲು ಜಾರಿಬೀಳುತ್ತಿದ್ದುದನ್ನೂ ಲೆಕ್ಕಿಸದೆ ಓಡುತ್ತ ಹತ್ತಿ ಬಂದಿದ್ದರು. ಮಂಜಪ್ಪನ ತಂದೆ ತಿಮ್ಮಪ್ಪ.

"ಸ್ವಾಮಿ, ಮತ್ತೆ ಬಂದ್ರಾ!" ಎಂದರು, ಕೈ ಮುಗಿದುಕೊಂಡು. "ಕಲ್ಲು ಕೆಳಗೆ ನೆಟ್ಟಾಗಿತ್ತಲ್ಲ! ನಿನ್ನ ಮನೆ ಉಳೀತು ತಿಮ್ಮಪ್ಪ ಅಂತ ನಿಮ್ಮೋರೇ ಹೇಳಿ ಹೋಗಿದ್ರಲ್ಲ! ಇವತ್ತೇ ಬರ್ಬೇಕಾ ನೀವು? ಇವತ್ತೇ?"

ನನಗೆ ತಲೆಬುಡ ತಿಳಿಯಲಿಲ್ಲ. ಅವರು ಉಸಿರು ಎಳೆದುಕೊಳ್ಳುತ್ತ ಹೇಳಿದ ಮೇಲೆ ಒಂದೊಂದಾಗಿ ತಿಳಿಯಿತು. ಹಿಂದಿನ ವರ್ಷ ಸರ್ವೆಯವರು ಬಂದಿದ್ದರು. ಮೂರು ಕಾಲಿನ ಸ್ಟ್ಯಾಂಡು ಹೂಡಿ, ಒಬ್ಬನ ಕೈಯಲ್ಲಿ ಉದ್ದದ ಕೋಲು ಹಿಡಿಸಿ, ದುರ್ಬೀನಿನಲ್ಲಿ ನೋಡಿ, ನೀರು ಎಲ್ಲಿಯವರೆಗೆ ಬರುತ್ತದೆಂದು ಆ ಬಿಳಿ ಕಲ್ಲುಗಳನ್ನು ನೆಟ್ಟಿದ್ದರು. ಕಲ್ಲಿನ ಕೆಳಗೆ ಬಿದ್ದ ಮನೆಗಳವರು ಸಾಮಾನು ಕಟ್ಟಿ ಎಲ್ಲೆಲ್ಲಿಗೋ ಹೋದರು. ತಿಮ್ಮಪ್ಪನ ಅಣ್ಣನ ಮನೆಯೂ ಅವುಗಳಲ್ಲಿ ಒಂದು. ಇವರ ಮನೆ ಕಲ್ಲಿನ ಮೇಲೆ ಉಳಿಯಿತು. ಈಗ ಅದಕ್ಕಿಂತ ಎತ್ತರದ ಗುಡ್ಡದ ಮೇಲೆ ಸ್ಟ್ಯಾಂಡು ಕಂಡರೆ ಅರ್ಥ ಒಂದೇ. ನೀರು ಮನೆಯನ್ನು ದಾಟಿ ಮೇಲೆ ಬರುತ್ತದೆ.

ಅಂದು ಮಂಜಪ್ಪನಿಗೆ ಹೆಣ್ಣು ಕೊಡಲು ಒಪ್ಪಿದವರು ಮನೆ ನೋಡಲು ಬರುವ ದಿನ. ಹುಡುಗಿಯ ಕಡೆಯವರು ಗಂಡಿನ ಮನೆ, ಗದ್ದೆ, ಕೊಟ್ಟಿಗೆ ನೋಡಿ, ಕೊಟ್ಟ ಬೆಲ್ಲ-ನೀರು ಕುಡಿದರೆ ಮಾತು ಗಟ್ಟಿ. ಬೆಲ್ಲ ಮುಟ್ಟದೆ ಹೋದರೆ ಸಂಬಂಧ ಮುರಿಯಿತೆಂದೇ. ತೀರ್ಥಹಳ್ಳಿ ಕಡೆಯಿಂದ ಅಷ್ಟು ದೂರ ಗಾಡಿ ಹೊಡೆದುಕೊಂಡು ಬಂದವರು ತಲೆ ಎತ್ತಿ ನೋಡಿದರೆ, ಗುಡ್ಡದ ಮೇಲೆ ಹ್ಯಾಟಿನ ಸಾಹೇಬ, ಸ್ಟ್ಯಾಂಡು. ಅಳಿಯನಾಗುವವನೇ ಅವನಿಗೆ ಕೋಲು ಹಿಡಿದು ನಿಂತಿದ್ದಾನೆ!

"ನಾ ಸರ್ವೇದಾಂವ ಅಲ್ರೀ! ಫೋಟೋದಾಂವ! ಸೂರ್ಯ ಮುಳಗೋದರ ಫೋಟೋ ತಗಿಯಾಕ ಬಂದೀನಿ! ಗದಗಿನ್ಯಾಗ ನಂದೊಂದು ಸ್ಟುಡಿಯೋ ಐತಿ!" ಎಂದು ಬಡಕೊಂಡೆ. ಮಂಜಪ್ಪನ ಕಡೆ ನೋಡಿದೆ. ಅವನು ದೋಟಿಯನ್ನು ಹಾವೋ ಎಂಬಂತೆ ಕೆಳಗೆ ಹಾಕಿ ತಲೆ ತಗ್ಗಿಸಿ ನಿಂತಿದ್ದ. ಮಾವನಾಗುವವರು ಮೇಲೆ ಹತ್ತಿ ಬರುತ್ತಿದ್ದರು, ಅವರ ಮುಂದೆ ಅವನು ಬಾಯಿ ಬಿಡುವುದುಂಟೆ?

ಹುಡುಗಿಯ ತಂದೆ ಹೂವಪ್ಪ ಎತ್ತರದ ಮನುಷ್ಯ. ಬಂದವರೇ ನನ್ನನ್ನೂ ಸ್ಟ್ಯಾಂಡನ್ನೂ ಸುತ್ತು ಹಾಕಿದರು. "ಮಾತೇ ಹೇಳ್ತದಲ್ಲ. ನಮ್ಮ ತಂಗಿ ಊರಿಗೆ ಕಲ್ಲು ನೆಡಕ್ಕೆ ಬಂದೋರೂ ಹಿಂಗೇ 'ರೀ ರೀ' ಅಂತಿದ್ರು."

ಆಗ ನನಗೊಂದು ಭಾರಿ ಉಪಾಯ ಹೊಳೆಯಿತು. "ಯಜಮಾನ್ರ, ಸುಳ್ಳಂದ್ರ ನೀವ ನೋಡ್ರಿ. ದುರ್ಬೀನು ಬ್ಯಾರೆ, ಇದು ಬ್ಯಾರೆ" ಎಂದು ಅವರ ತಲೆಯ ಮೇಲೆ ಕರಿ ಬಟ್ಟೆ ಹೊದಿಸಿ, ಹಿಂದಿನ ಗಾಜು ತೋರಿಸಿದೆ. ಹೊರಗೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ.

"ತಿಮ್ಮಪ್ಪಾ," ಎಂದರು ಮೆಲ್ಲಗೆ. "ನಿನ್ನ ಮನೆ ಬುಡಮೇಲಾಗಿ ನೇತಾಡ್ತಾ ಐತೆ. ಗುಡ್ಡಾನೂ ಹಂಗೇ. ಅದ್ರ ಕೆಳಗೆ ಬರೀ ನೀರು. ಕೆಂಪು ನೀರು."

ಈ ಕ್ಯಾಮೆರಾದ ಗಾಜಿನಲ್ಲಿ ಎಲ್ಲವೂ ತಲೆಕೆಳಗಾಗಿಯೇ ಕಾಣುವುದು. ಅಭ್ಯಾಸವಾಗಿ ಹೋದ ನನಗೆ ಅದು ಮರೆತೇ ಹೋಗಿತ್ತು. ಮೇಲಿರಬೇಕಾದ ಆಕಾಶ ಕೆಳಗೆ ಬಂದು, ಅವರಿಗೆ ಅದು ತುಂಬಿದ ನೀರಾಗಿ ಕಂಡಿತ್ತು. "ಇದರಾಗ ಎಲ್ಲಾ ಉಲ್ಟಾನ ಕಾಣತೈತ್ರೀ! ಮದುಮಕ್ಕಳು ಸುದ್ದಾ ಇದರಾಗ ತಲಿ ಕೆಳಗ ಮಾಡಿ ಕುಂದರತಾರ!" ಎಂದೆ. ಯಾರೂ ನಗಲಿಲ್ಲ. ಮದುಮಕ್ಕಳ ಮಾತು ಎತ್ತಬಾರದಿತ್ತು.

"ನೋಡು ತಿಮ್ಮಪ್ಪ," ಹೂವಪ್ಪನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು. "ನಿನ್ ಮೇಲೆ ನಂಗೆ ಬೇಜಾರಿಲ್ಲ. ಹುಡುಗನ್ ಮೇಲೂ ಇಲ್ಲ. ಆದ್ರೆ ತಂಗಿ ಮನೆ ಹಂಚು ಇಳಿಸಿದ್ದು ನಾನೇ ಕೈಯಾರೆ. ಅವ್ಳು ಒಲೆ ಮುಂದೆ ಕೂತು ಏಳಕ್ಕೇ ಒಪ್ಲಿಲ್ಲ. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನಂಗಿಲ್ಲ. ಮುಳುಗೋ ಮನೆಗೆ ಮಗಳನ್ನ ಹೆಂಗೆ ಕೊಡ್ಲಿ? ನಾ ಗಾಡಿ ತಿರುಗಿಸ್ತೀನಿ."

ತಿಮ್ಮಪ್ಪ ಜಾರಿದ ಶಾಲು ಎತ್ತಿ ಹೆಗಲಿಗೆ ಹಾಕಿಕೊಂಡರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲಿಯದೋ ಒಂದು ಸೂರ್ಯನ ಹುಚ್ಚಿಗೆ ಬಂದು ಒಂದು ಮದುವೆಯನ್ನೇ ಮುರಿದಿದ್ದೆ.

ಅಷ್ಟರಲ್ಲಿ ಕೆಳಗಿನಿಂದ ಊರುಗೋಲಿನ ಸದ್ದು ಬಂತು. ತಿಮ್ಮಪ್ಪನ ತಾಯಿ ಬೈರಮ್ಮ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನೀರಿನ ಚೊಂಬು, ಬೆಲ್ಲದ ತಟ್ಟೆಯನ್ನು ಗಾಡಿಯಲ್ಲಿ ಬಂದ ಹೆಂಗಸರೊಬ್ಬರ ಕೈಗೆ ಕೊಟ್ಟು, ಅವರನ್ನೂ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು. ನೆಂಟರು ಅಂಗಳಕ್ಕೆ ಬರದಿದ್ದರೆ ಬೆಲ್ಲವೇ ನೆಂಟರಿದ್ದಲ್ಲಿಗೆ ಹೊರಟಿತ್ತು. ಎಲ್ಲರ ಮಾತನ್ನೂ ಅವರು ನಿಂತು ಕೇಳಿಸಿಕೊಂಡರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಹೂವಪ್ಪ, ಈಗ ಹೊತ್ತೆಷ್ಟಾತು?"

"ಮುಳುಗ್ತಾ ಬಂತು, ಅಮ್ಮ."

"ನಿನ್ ತಂಗಿ ಊರಿಗೂ ಸರ್ವೆಯೋರು ಬಂದಿದ್ರು ಅಂದ್ಯಲ್ಲ, ದೀಪ ಹಚ್ಚೋ ಹೊತ್ತಿನ ತನಕ ಒಂದ್ ದಿನ ಆದ್ರೂ ನಿಂತಿದ್ರಾ? ಇಲ್ಲಿಗೆ ಬಂದೋರಂತೂ ಬಿಸಿಲು ತಂಪಾಗೋದ್ರೊಳಗೆ ಜೀಪು ಹತ್ತೋರು. ನಾ ಕಾಫಿ ಕಾಸೋ ತನಕಾನೂ ತಡೀತಿರ್ಲಿಲ್ಲ. ಹೊತ್ತು ಮುಳುಗೋ ತನ್ಕ ಬೆವರು ಸುರಿಸಿ ನಿಂತಾನೆ ಅಂದ್ರೆ, ಅವ್ನು ಸರ್ಕಾರದೋನು ಹೆಂಗಾಗ್ತಾನೆ ಮಾರಾಯ?"

ಹೂವಪ್ಪನ ಮೀಸೆಯ ತುದಿ ಅಲ್ಲಾಡಿತು. ನಗು ತಡೆಯಲು ನೋಡಿದರು, ಆಗಲಿಲ್ಲ. ಆದರೂ ಅವರು ಸುಲಭಕ್ಕೆ ಬಗ್ಗುವ ಆಸಾಮಿಯಲ್ಲ. "ಪಟದೋನೇ ಆದ್ರೆ ಪಟ ತೆಗೀಲಿ. ಸೂರ್ಯಂದಲ್ಲ, ಅವ್ನು ಎಲ್ಲಾ ಊರಲ್ಲೂ ಮುಳುಗ್ತಾನೆ. ನಮ್ದು ತೆಗೀಲಿ."

ಇಲ್ಲಿ ನಿಜ ಹೇಳಿಬಿಡುತ್ತೇನೆ. ಪಡುವಣದಲ್ಲಿ ಆ ಹೊತ್ತಿಗೆ ಹೊಗೆಯ ಪದರವೊಂದು ಸೂರ್ಯನ ನಡುವೆ ಅಡ್ಡ ಹಾದು, ಮೇಲಿನ ಅರ್ಧ ಚಿನ್ನ, ಕೆಳಗಿನ ಅರ್ಧ ರಕ್ತದ ಬಣ್ಣವಾಗಿತ್ತು. ನಾನು ಬೀರೂರು, ಸಾಗರ, ಆಗುಂಬೆ ಎಂದು ಅಲೆದದ್ದು ಅದಕ್ಕಾಗಿಯೇ. ಇರುವುದು ಒಂದೇ ಪ್ಲೇಟು. ನನ್ನ ಕೈ ಒಂದು ಕ್ಷಣ ತಡೆಯಿತು. ಆಮೇಲೆ ತಿಮ್ಮಪ್ಪನ ಮುಖ ನೋಡಿದೆ, ಸ್ಟ್ಯಾಂಡು ಎತ್ತಿ ಪಡುವಣಕ್ಕೆ ಬೆನ್ನು ಮಾಡಿ ಹೂಡಿದೆ.

ನಿಲ್ಲಿಸುವ ಕೆಲಸ ಬೈರಮ್ಮನದು. ನಡುವೆ ತಿಮ್ಮಪ್ಪ, ಹೂವಪ್ಪ. ಹಿಂದೆ ಮಂಜಪ್ಪ, ದೋಟಿ ಇಲ್ಲದೆ. ಪಕ್ಕದಲ್ಲಿ ಗಾಡಿಯಲ್ಲಿ ಬಂದ ಹೆಂಗಸರು, ಬೆಲ್ಲದ ತಟ್ಟೆ ಸಮೇತ. "ಇನ್ನೂ ಹತ್ರ, ಇನ್ನೂ ಹತ್ರ" ಎಂದು ಬೈರಮ್ಮ ಗಂಡಸರಿಬ್ಬರ ಭುಜಗಳನ್ನು ಕೋಲಿನಿಂದ ಕೂಡಿಸಿದರು. ಬಟ್ಟೆಯೊಳಗೆ ಹೋಗಿ ನೋಡಿದೆ. ಎಲ್ಲರೂ ತಲೆಕೆಳಗಾಗಿ ನಿಂತಿದ್ದರು, ಎಲ್ಲರ ಮುಖದ ಮೇಲೂ ಆ ಹೊಗೆಯ ಸೂರ್ಯನ ಕೆಂಪು. ಸ್ಟುಡಿಯೋದ ಯಾವ ದೀಪದಿಂದಲೂ ಅಂಥ ಬೆಳಕು ತರಲಾರೆ. ಅಲ್ಲಾಡಬೇಡಿ ಎಂದೆ. ಯಾರೂ ಅಲ್ಲಾಡಲಿಲ್ಲ. ಕ್ಲಿಕ್ ಮಾಡಿದೆ.

"ಆತಲ್ಲ," ಎಂದರು ಬೈರಮ್ಮ, ತಟ್ಟೆ ಮುಂದೆ ಹಿಡಿಸಿ. "ಬೀಗರು ಭುಜಕ್ಕೆ ಭುಜ ಕೊಟ್ಟು ಒಂದೇ ಪಟದಲ್ಲಿ ನಿಂತಾತು. ಇನ್ನು ಬೆಲ್ಲ ಬೇಡ ಅಂದ್ರೆ ಪಟ ಬಿಡ್ತದಾ?"

ಹೂವಪ್ಪ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಂಡು ಚೊಂಬು ಎತ್ತಿ ಗಟಗಟನೆ ಕುಡಿದರು. ತಿಮ್ಮಪ್ಪ ಶಾಲಿನಿಂದ ಮುಖ ಒರೆಸಿಕೊಂಡರು, ಬಹಳ ಹೊತ್ತು ಒರೆಸಿಕೊಂಡರು. ನನಗೂ ಬೆಲ್ಲ ಸಿಕ್ಕಿತು. ಅಷ್ಟು ಸಿಹಿಯಾದದ್ದು ನಾನು ಯಾವ ಮದುವೆಯಲ್ಲೂ ತಿಂದಿಲ್ಲ. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

"ರಾತ್ರಿ ನಮ್ಮನೇಲೇ ಊಟ," ಎಂದರು ತಿಮ್ಮಪ್ಪ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ, "ಮೊದ್ಲು ಆ ಮೂರು ಕಾಲು ಮಡಚಿಬಿಡಿ ಸ್ವಾಮಿ" ಎಂದರು.

ಯಾಕೆಂದು ಅವರು ಕೈ ತೋರಿಸಿದ ಕಡೆ ನೋಡಿದೆ. ಎದುರು ಇಳಿಜಾರಿನಲ್ಲಿ, ಹೊಗೆಯ ನಡುವೆ, ಅಲ್ಲೊಂದು ಇಲ್ಲೊಂದು ಮನೆಗಳಿದ್ದವು. ಪ್ರತಿಯೊಂದು ಮನೆಯ ಅಂಗಳದಲ್ಲೂ ಜನ ನಿಂತಿದ್ದರು. ನಾನು ಅವರನ್ನು ಆವರೆಗೆ ಮರದ ಬೊಡ್ಡೆಗಳೆಂದೇ ತಿಳಿದಿದ್ದೆ. ಗಂಡಸರು, ಹೆಂಗಸರು, ಕಂಕುಳಲ್ಲಿ ಮಕ್ಕಳು. ಎಲ್ಲರೂ ಈ ಗುಡ್ಡದ ಕಡೆಗೇ ಮುಖ ಮಾಡಿ, ಅಲ್ಲಾಡದೆ ನಿಂತಿದ್ದರು.

ಒಂದೊಂದೇ ಕಾಲು ಮಡಚಿದೆ. ತಿಮ್ಮಪ್ಪ ಅಂಚಿಗೆ ಹೋಗಿ, ಎರಡೂ ಕೈ ಬಾಯಿಗೆ ಹಿಡಿದು, ಇಲ್ಲಿಯವರು ಗುಡ್ಡದಿಂದ ಗುಡ್ಡಕ್ಕೆ ಕೂ ಹಾಕುವ ಹಾಗೆ ಕೂಗಿದರು: "ಕೂ...! ಸರ್ವೆ ಅಲ್ಲಾ...! ಪಟದೋನು ಕಣ್ರೋ...!"

ಎದುರು ಇಳಿಜಾರಿನಿಂದ ಗಂಡು ದನಿಯೊಂದು ತಿರುಗಿ ಕೂ ಹಾಕಿತು. ಆಮೇಲೆ ಆ ದನಿಯೇ ಬೇರೆ ಕಡೆ ತಿರುಗಿ, ಇನ್ನೂ ಆಚೆಯ ಮನೆಗೆ ಕೂಗಿತು: "ಪಟದೋನಂತೇ...!" ಅಲ್ಲಿಂದ ಇನ್ನೊಂದು ಮನೆಗೆ, ಅಲ್ಲಿಂದ ಮತ್ತೊಂದಕ್ಕೆ. "ಪಟದೋನಂತೆ, ಪಟದೋನಂತೆ" ಎಂದು ಆ ಮಾತು ಕಣಿವೆಯುದ್ದಕ್ಕೂ ಹೋಯಿತು. ಅದು ಮುಟ್ಟಿದಲ್ಲೆಲ್ಲ ಅಂಗಳದ ಜನ ಕದಲಿ ಒಳಗೆ ಹೋಗತೊಡಗಿದರು. ಬಾಗಿಲುಗಳಲ್ಲಿ ದೀಪ ಕಾಣಿಸಿಕೊಂಡಿತು.

ಕೊನೆಗೆ ಹೊಗೆಯ ಒಳಗಿನಿಂದ, ಮನೆಯೇ ಕಾಣದಷ್ಟು ದೂರದಿಂದ, ಹೆಂಗಸಿನ ದನಿಯೊಂದು ನಂಬಲಾರದೆ ಕೇಳಿತು: "ಹೌದಾ...? ಸತ್ಯವಾಗ್ಲೂ ಹೌದಾ...?"

ಯಾರಾದರೂ ಉತ್ತರ ಕೊಡಲೆಂದು ಕಾಯದೆ ನಾನೇ ಅಂಚಿಗೆ ಓಡಿ, ಗಂಟಲು ಹರಿಯುವ ಹಾಗೆ ಕೂಗಿದೆ: "ಖರೇನ ಐತ್ರೀ ಯವ್ವಾ...! ಬರೇ ಫೋಟೋ...! ಒಳಗ ಹೋಗಿ ದೀಪಾ ಹಚ್ಚರೀ...!"